‘ಶೋಲೆ’ಯ ಆರು ನಿಮಿಷ: ಠಾಕೂರ್ ಗಬ್ಬರ್‌ನನ್ನು ಕೊಂದನೇ, ಬಿಟ್ಟನೇ?

ಪ್ರಶ್ನೆ: ನಾನು ರಾಮನಗರದವನು. ನಮ್ಮ ತಂದೆ ‘ಶೋಲೆ’ಯನ್ನು ಅದು ಬಿಡುಗಡೆಯಾದ ಕಾಲದಲ್ಲೇ ನೋಡಿದವರು. ಕೊನೆಗೆ ಪೊಲೀಸರು ಬಂದು ಡಕಾಯಿತ ಗಬ್ಬರ್‌ನನ್ನು ಹಿಡಿದುಕೊಂಡು ಹೋಗುತ್ತಾರೆ ಎನ್ನುತ್ತಾರೆ. ಲಂಡನ್ನಿನಲ್ಲಿದ್ದ ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ತಂದ ಕ್ಯಾಸೆಟ್‌ನಲ್ಲಿ ಠಾಕೂರ್ ಅವನನ್ನು ಕೊಂದೇಬಿಡುತ್ತಾನೆ. ಹಬ್ಬಕ್ಕೆ ಸೇರಿದಾಗಲೆಲ್ಲ ಅಣ್ಣತಮ್ಮಂದಿರಿಗೆ ಇದೇ ವಾದ. ನನ್ನ ಬಳಿ ಎರಡು ಡಿವಿಡಿಗಳಿವೆ. ಒಂದರ ಮೇಲೆ 204 ನಿಮಿಷ ಎಂದಿದೆ, ಇನ್ನೊಂದರ ಮೇಲೆ 198. ಈಗ ಹೊಸದಾಗಿ ಸರಿಪಡಿಸಿದ ಪ್ರತಿಯೂ ಬಂದಿದೆಯಂತೆ. ವ್ಯತ್ಯಾಸ ಬರೀ ಆರು ನಿಮಿಷವೇ? ಇವುಗಳಲ್ಲಿ ಅಸಲಿ ಯಾವುದು? ಮಕ್ಕಳಿಗೆ ಯಾವುದನ್ನು ತೋರಿಸಲಿ?

ಉತ್ತರ: ನಿಮ್ಮ ತಂದೆಯೂ ಚಿಕ್ಕಪ್ಪನೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಮುಂದಿನ ಹಬ್ಬಕ್ಕೆ ಜಗಳ ನಿಲ್ಲಿಸಲು ಇಷ್ಟು ಸಾಕು. ಎಡವಿರುವುದು ನೀವು, ಅದೂ 204ರಿಂದ 198 ಕಳೆದ ಕಡೆ. ಸೀರೆಯ ಸೆರಗನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಬೇರೆ ಸೆರಗು ಹೊಲಿದಿದ್ದಾರೆ ಎಂದುಕೊಳ್ಳಿ. ಆಮೇಲೆ ಉದ್ದ ಅಳೆದು ‘ಒಂದು ಗೇಣು ಕಡಿಮೆಯಾಗಿದೆ’ ಎಂದರೆ ಸೀರೆಗೆ ಏನಾಯಿತೆಂದು ತಿಳಿಯುವುದಿಲ್ಲ. ‘ಶೋಲೆ’ಯ ಕತೆಯೂ ಹಾಗೆಯೇ. ಅದರ ಕೊನೆಯನ್ನು ಬರೀ ಕತ್ತರಿಸಲಿಲ್ಲ, ಬದಲಾಯಿಸಿದರು. ಪೊಲೀಸರು ಬಂದು ಠಾಕೂರನನ್ನು ತಡೆಯುವ ದೃಶ್ಯ 204 ನಿಮಿಷದ ಪ್ರತಿಯಲ್ಲಿ ಇಲ್ಲವೇ ಇಲ್ಲ. ಅದನ್ನು ಹೊಸದಾಗಿ ಚಿತ್ರೀಕರಿಸಿ ಸೇರಿಸಿದ್ದು. ಚಿಕ್ಕ ಪ್ರತಿಯಲ್ಲಿ ಇರುವುದು ದೊಡ್ಡದರಲ್ಲಿ ಇಲ್ಲ, ದೊಡ್ಡದರಲ್ಲಿ ಇರುವುದು ಚಿಕ್ಕದರಲ್ಲಿ ಇಲ್ಲ. ಕಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದು ಹೇಗಾಯಿತು ಎಂಬುದಕ್ಕೆ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದ್ದು 1975ರ ಜೂನ್ 25ರ ರಾತ್ರಿ. ‘ಶೋಲೆ’ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟ್ 15ರಂದು. ನಡುವೆ ಏಳು ವಾರಗಳು. 1973ರ ಅಕ್ಟೋಬರ್‌ನಲ್ಲಿ ನಿಮ್ಮೂರಿನ ಬಂಡೆಗಳ ನಡುವೆ ಶುರುವಾದ ಚಿತ್ರೀಕರಣ ವರ್ಷಗಟ್ಟಲೆ ಎಳೆದು, ನಿರ್ಮಾಪಕ ಜಿ.ಪಿ. ಸಿಪ್ಪಿಯವರ ದುಡ್ಡು ನೀರಿನಂತೆ ಖರ್ಚಾಗಿ, ಬಿಡುಗಡೆಯ ದಿನ ಗೊತ್ತಾಗಿ, ಎಲ್ಲ ಮುಗಿಯಿತು ಎನ್ನುವಾಗ ಚಿತ್ರ ಸೆನ್ಸಾರ್ ಮಂಡಳಿಯ ಮುಂದೆ ಹೋಯಿತು. ಮಂಡಳಿಗೆ ಹಿಂಸೆ ಹೆಚ್ಚಾಯಿತು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆತ್ತಿಕೊಂಡು (ಕೈಗಳಿಲ್ಲದ ಠಾಕೂರನ ವಿಷಯದಲ್ಲಿ ಕಾಲಿಗೆತ್ತಿಕೊಂಡು ಎನ್ನಬೇಕು) ಆರೋಪಿಯನ್ನು ಕೊಲ್ಲುವುದು ಸರಿಕಾಣಲಿಲ್ಲ. ಬೇರೆ ಕಾಲವಾಗಿದ್ದರೆ ಮೇಲ್ಮನವಿ, ಕೋರ್ಟು ಎಂದು ಹೋರಾಡಬಹುದಿತ್ತು. ನಮ್ಮದೇ ‘ಸಂಸ್ಕಾರ’ವನ್ನು ಮದ್ರಾಸಿನ ಸೆನ್ಸಾರ್‌ನವರು ಮೊದಲು ತಡೆದಿದ್ದರು. ಕೊನೆಗೆ ಅದು ಬಿಡುಗಡೆಯಾಗಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಆದರೆ 1975ರ ಜುಲೈನಲ್ಲಿ ಸರ್ಕಾರದ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ಯಾವ ನಿರ್ಮಾಪಕನಿಗೆ ಇದ್ದೀತು? ನಿರ್ದೇಶಕ ರಮೇಶ್ ಸಿಪ್ಪಿ ಹಟ ಹಿಡಿದರು, ಆಮೇಲೆ ಮಣಿದರು. ನಟರನ್ನು ಮತ್ತೆ ಕರೆಸಿ ಕೊನೆಯ ಭಾಗವನ್ನು ಹೊಸದಾಗಿ ಚಿತ್ರೀಕರಿಸಿ, ಡಬ್ಬಿಂಗ್ ಮುಗಿಸಿ, ಆಗಸ್ಟ್ 15ಕ್ಕೆ ಹೇಗೋ ಮುಟ್ಟಿಸಿದರು.

ಈಗ ದೃಶ್ಯಗಳಿಗೆ ಬರೋಣ.

ಠಾಕೂರ್ ಕೂಲಿಗೆ ಕರೆತಂದ ಇಬ್ಬರು ಕಳ್ಳರು ಜೈ ಮತ್ತು ವೀರು. ಎರಡೂ ಪ್ರತಿಗಳಲ್ಲಿ ಜೈ ಸಾಯುತ್ತಾನೆ, ವೀರು ಗಬ್ಬರ್‌ನ ಬೆನ್ನಟ್ಟಿ ಹೋಗಿ ಹಿಡಿಯುತ್ತಾನೆ. ಅಷ್ಟರಲ್ಲಿ ಠಾಕೂರ್ ಬಂದು, ಗಬ್ಬರ್‌ನನ್ನು ಜೀವಂತವಾಗಿ ಒಪ್ಪಿಸುವುದಾಗಿ ಜೈ ಕೊಟ್ಟ ಮಾತನ್ನು ನೆನಪಿಸುತ್ತಾನೆ. ವೀರು ಹಲ್ಲು ಕಚ್ಚಿಕೊಂಡು ಹಿಂದೆ ಸರಿಯುತ್ತಾನೆ. ಕೈಯಿಲ್ಲದ ಠಾಕೂರ್ ಮೊಳೆ ಹೊಡೆದ ಬೂಟುಗಳಿಂದ ಗಬ್ಬರ್‌ನನ್ನು ಒದೆಯುತ್ತಾನೆ, ಅವನ ಕೈಗಳನ್ನು ತುಳಿದು ಜಜ್ಜುತ್ತಾನೆ. ಇಲ್ಲಿಯವರೆಗೆ ದಾರಿ ಒಂದೇ. ನಿಮ್ಮ ತಂದೆ ಕಂಡ ಪ್ರತಿಯಲ್ಲಿ, ಇನ್ನೇನು ಮುಗಿಸಿಯೇಬಿಟ್ಟ ಎನ್ನುವ ಹೊತ್ತಿಗೆ ಪೊಲೀಸರು ಪ್ರತ್ಯಕ್ಷರಾಗುತ್ತಾರೆ. ಅಪರಾಧಿಗೆ ಶಿಕ್ಷೆ ಕೊಡುವುದು ಕಾನೂನಿನ ಕೆಲಸ, ನೀವೂ ಒಂದು ಕಾಲಕ್ಕೆ ಅದೇ ಕಾನೂನಿನ ಸೇವಕರಾಗಿದ್ದಿರಿ ಎಂಬ ಧಾಟಿಯಲ್ಲಿ ಬುದ್ಧಿ ಹೇಳುತ್ತಾರೆ. ಠಾಕೂರ್ ಕಾಲು ಹಿಂದೆಗೆಯುತ್ತಾನೆ. ನಿಮ್ಮ ಚಿಕ್ಕಪ್ಪ ಕಂಡದ್ದರಲ್ಲಿ ಯಾರೂ ಬರುವುದಿಲ್ಲ. ಠಾಕೂರನ ಒದೆತಕ್ಕೆ ಗಬ್ಬರ್ ಹಿಂದಕ್ಕೆ ಹೋಗಿ ಕಂಬದಿಂದ ಚಾಚಿಕೊಂಡಿರುವ ಚೂಪಾದ ಮೊಳೆಗೆ ಸಿಕ್ಕು ಸಾಯುತ್ತಾನೆ. ಠಾಕೂರನ ಕೈಗಳನ್ನು ಗಬ್ಬರ್ ಕತ್ತರಿಸಿದ ಜಾಗವೂ ಅದೇ ಎಂಬುದನ್ನು ಮರೆಯಬೇಡಿ. ಅದಾದ ಮೇಲೆ ಜಯಘೋಷವಿಲ್ಲ, ಸಮಾಧಾನವೂ ಇಲ್ಲ. ಠಾಕೂರ್ ಕುಸಿದು ಅಳುತ್ತಾನೆ. ವೀರು ಬಂದು ಅವನನ್ನು ತಬ್ಬಿಕೊಳ್ಳುತ್ತಾನೆ.

ಆ ಅಳುವಿನ ಬಗ್ಗೆ ಒಂದು ಮಾತು. ಇಡೀ ಚಿತ್ರದಲ್ಲಿ ಠಾಕೂರನಾಗಿ ನಟಿಸಿದ ಸಂಜೀವ್ ಕುಮಾರ್ ಮುಖವನ್ನು ಕಲ್ಲಿನಂತೆ ಬಿಗಿಹಿಡಿದುಕೊಂಡಿರುತ್ತಾರೆ. ಕುಟುಂಬದ ಶವಗಳ ಮುಂದೆಯೂ ಅವರ ಕಣ್ಣೀರು ಉಕ್ಕುವುದಿಲ್ಲ, ಸಿಟ್ಟಾಗಿ ಒಳಗೇ ಗಟ್ಟಿಯಾಗುತ್ತದೆ. ಶಾಲಿನ ಕೆಳಗೆ ಕೈಗಳಿಲ್ಲದ ಆ ಮನುಷ್ಯ ಮೂರು ಗಂಟೆಗೂ ಹೆಚ್ಚು ಹೊತ್ತು ಉಸಿರು ಕಟ್ಟಿಕೊಂಡಿದ್ದಾನೆ. ಅಸಲಿ ಅಂತ್ಯದಲ್ಲಿ ಆ ಕಟ್ಟೆ ಒಡೆಯುತ್ತದೆ. ಸೇಡು ತೀರಿತು, ಮುಂದೆ ಮಾಡಲು ಏನೂ ಉಳಿದಿಲ್ಲ ಎಂಬುದು ಆ ಮುಖದ ಮೇಲೆ ಕಾಣುತ್ತದೆ. ‘ಹಿಂಸೆಯನ್ನು ವೈಭವೀಕರಿಸುತ್ತದೆ’ ಎಂಬ ಕಾರಣಕ್ಕೆ ತೆಗೆದುಹಾಕಿದ ದೃಶ್ಯವೇ ಸೇಡಿನ ಪೊಳ್ಳುತನವನ್ನು ಚಿತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತಿತ್ತು. ಸೆನ್ಸಾರ್‌ನವರು ರಕ್ತವನ್ನು ಕಂಡರು, ಕಣ್ಣೀರನ್ನು ಕಾಣಲಿಲ್ಲ.

ಬದಲಾದ ಅಂತ್ಯಕ್ಕೆ ಇನ್ನೂ ದೊಡ್ಡ ತೊಡಕಿದೆ. ಕತೆಯನ್ನು ಮೊದಲಿಂದ ನೆನಪಿಸಿಕೊಳ್ಳಿ. ಠಾಕೂರ್ ಬಲದೇವ್ ಸಿಂಗ್ ಪೊಲೀಸ್ ಅಧಿಕಾರಿಯಾಗಿದ್ದಾಗಲೇ ಗಬ್ಬರ್‌ನನ್ನು ತನ್ನ ಕೈಯಾರೆ ಹಿಡಿದು ಕಾನೂನಿಗೆ ಒಪ್ಪಿಸಿದ್ದ. ಆಮೇಲೇನಾಯಿತು? ಗಬ್ಬರ್ ಜೈಲಿನಿಂದ ತಪ್ಪಿಸಿಕೊಂಡ, ನೇರವಾಗಿ ಠಾಕೂರನ ಮನೆಗೆ ಬಂದು ಎಲ್ಲರನ್ನೂ ಕೊಂದ. ಅಂದರೆ ಕಾನೂನಿನ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಚಿತ್ರ ಆಗಲೇ ಒಮ್ಮೆ ತೋರಿಸಿದೆ. ಸಲೀಂ–ಜಾವೇದ್ ಜೋಡಿಯ ಚಿತ್ರಕಥೆಯ ಬೆನ್ನೆಲುಬೇ ಅದು. ಇಬ್ಬರು ಕಳ್ಳರನ್ನು ಕೂಲಿಗೆ ಕರೆತರುವ ಅಗತ್ಯ ಬಿದ್ದದ್ದೂ ಅದರಿಂದಲೇ. ಕೊನೆಯಲ್ಲಿ ಅದೇ ಗಬ್ಬರ್‌ನನ್ನು ಅದೇ ಪೊಲೀಸರ ಕೈಗೆ ಕೊಟ್ಟರೆ ಕತೆ ಶುರುವಾದ ಜಾಗಕ್ಕೇ ವಾಪಸು. ಟಾಕೀಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ದೀಪ ಹತ್ತುವ ಮೊದಲೇ ‘ಇವನು ಮತ್ತೆ ಜೈಲು ಹಾರುತ್ತಾನೆ ನೋಡು’ ಎಂದಿದ್ದರು. ವಿಮರ್ಶಕರು ಪುಟಗಟ್ಟಲೆ ಬರೆದುದನ್ನು ಅವರು ಎಲೆಅಡಿಕೆ ಜಗಿಯುತ್ತಾ ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಬೂಟುಗಳ ವಿಷಯ ಇದಕ್ಕೇ ಅಂಟಿಕೊಂಡದ್ದು. ಮೂಲ ಪ್ರತಿಯಲ್ಲಿ ಠಾಕೂರನ ಸೇವಕ ರಾಮಲಾಲ್, ಅಂದರೆ ಸತ್ಯೇನ್ ಕಪ್ಪು, ಬೂಟಿನ ಅಟ್ಟೆಗೆ ಮೊಳೆಗಳನ್ನು ಹೊಡೆಯುವ ಚಿಕ್ಕ ದೃಶ್ಯವಿದೆ. ಅದೂ ಹೋಯಿತು. ಕೊಲ್ಲುವುದಕ್ಕೆ ಮುಂಚಿತವಾಗಿ ಸಿದ್ಧತೆ ನಡೆದಿತ್ತು ಎಂದಾದರೆ ಅದು ಆವೇಶದ ಕೃತ್ಯವಾಗುವುದಿಲ್ಲವಲ್ಲ. ಅದಿಲ್ಲದ ಪ್ರತಿಯಲ್ಲಿ ಕೊನೆಯ ಹೊಡೆದಾಟಕ್ಕೆ ಮೊಳೆಯ ಬೂಟುಗಳು ಎಲ್ಲಿಂದಲೋ ಉದುರಿದಂತೆ ಕಾಣುತ್ತವೆ. ಮೊದಲ ಸಲ ನೋಡಿದವರು ಗಮನಿಸದೇ ಇರಬಹುದು. ಸಂಕಲನದ ಮೇಜಿನ ಮುಂದೆ ಕೂತು ಕಣ್ಣು ಸವೆಸಿದ ನನ್ನಂಥವನಿಗೆ ಅದು ಹಲ್ಲು ಬಿದ್ದ ಜಾಗದಂತೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಕತ್ತರಿ ತಗುಲಿದ ಇನ್ನೊಂದು ಭಾಗ ಇಮಾಮ್ ಸಾಹೇಬರ ಮಗ ಅಹಮದ್‌ನ ಕೊಲೆ. ಆ ಹುಡುಗನಾಗಿ ನಟಿಸಿದವರು ಸಚಿನ್ ಪಿಳಗಾಂವ್‌ಕರ್. ಇಲ್ಲಿ ಮಾತ್ರ ನಾನು ಜನಪ್ರಿಯವಲ್ಲದ ಅಭಿಪ್ರಾಯದವನು. ಬಿಡುಗಡೆಯಾದ ಪ್ರತಿಯಲ್ಲಿ ಹುಡುಗನನ್ನು ಹಿಡಿದು ತರುತ್ತಾರೆ. ಗಬ್ಬರ್ ಅಡ್ಡಾದಂತೆ ಮಲಗಿ ತನ್ನ ತೋಳಿನ ಮೇಲೆ ಹರಿಯುತ್ತಿರುವ ಇರುವೆಯನ್ನು ನೋಡುತ್ತಿರುತ್ತಾನೆ. ಪಟ್ಟನೆ ಅದನ್ನು ಹೊಸಕುತ್ತಾನೆ. ಮುಂದಿನ ಚಿತ್ರಿಕೆಯಲ್ಲಿ ಕುದುರೆ ಹುಡುಗನ ಶವ ಹೊತ್ತು ಊರಿಗೆ ಬರುತ್ತದೆ. ಅಮ್ಜದ್ ಖಾನ್ ಅವರ ಗಬ್ಬರ್ ಎಂಥವನು ಎಂಬುದಕ್ಕೆ ಇಷ್ಟು ಸಾಲದೇ? ಹುಡುಗನನ್ನು ಹಿಂಸಿಸುವುದನ್ನು ಎಷ್ಟು ಹೊತ್ತು ತೋರಿಸಿದ್ದರೂ ಆ ಇರುವೆಯ ಮುಂದೆ ಅದು ಸಪ್ಪೆ. ಕಣ್ಣು ಕುರುಡಾದ ಇಮಾಮರು ಯಾಕೆ ಎಲ್ಲರೂ ಸುಮ್ಮನಾದಿರಿ ಎಂದು ಕೇಳುವಾಗ ನಮಗೆ ಎದೆ ಹಿಂಡುವುದು, ಕೊಲೆಯನ್ನು ನಾವೂ ಕಣ್ಣಾರೆ ಕಂಡಿಲ್ಲವಾದ್ದರಿಂದಲೇ. ಕತ್ತರಿ ಯಾರ ಕೈಯಲ್ಲಿತ್ತು ಎಂಬುದನ್ನು ಬದಿಗಿಟ್ಟರೆ, ಈ ಜಾಗದಲ್ಲಿ ಕತ್ತರಿಸಿದ್ದರಿಂದ ಚಿತ್ರಕ್ಕೆ ಒಳ್ಳೆಯದೇ ಆಗಿದೆ. ‘ಕತ್ತರಿ ಬೀಳದ ಪ್ರತಿ ಎಂದರೆ ಉತ್ತಮ ಪ್ರತಿ’ ಎಂದು ಕಣ್ಣು ಮುಚ್ಚಿ ಹೇಳುವವರಿಗೆ ನಾನು ತೋರಿಸುವುದು ಇದನ್ನೇ.

ಠಾಕೂರನ ಕುಟುಂಬದ ಹತ್ಯೆಯ ಭಾಗಕ್ಕೂ ಮಂಡಳಿಯ ಕತ್ತರಿ ತಗುಲಿದೆ. ಆದರೆ ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗುಂಡು ತಗುಲಿದವರು ಬೀಳುವಾಗ ಚಿತ್ರ ಕಲ್ಲಾದಂತೆ ನಿಲ್ಲುವುದು, ಗಬ್ಬರ್ ಪುಟ್ಟ ಹುಡುಗನ ಕಡೆಗೆ ಬಂದೂಕು ತಿರುಗಿಸಿದಾಗ ಗುಂಡಿನ ಬದಲು ರೈಲಿನ ಸದ್ದಿಗೆ ಕತೆ ಹಾರುವುದು, ಎರಡು ಕತ್ತಿಗಳು ಮೇಲೇರಿದ ಮೇಲೆ ಕೈ ಕತ್ತರಿಸುವುದನ್ನು ತೋರಿಸದೆ ಠಾಕೂರನ ಶಾಲು ಜಾರಿ ಖಾಲಿ ತೋಳುಗಳು ಕಾಣುವುದು ಇವೆಲ್ಲ ಸೆನ್ಸಾರ್‌ನ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ನಿರ್ದೇಶಕನ, ಸಂಕಲನಕಾರನ ಕುಶಲತೆ. ಸಂಕಲನಕಾರ ಎಂ.ಎಸ್. ಶಿಂಧೆ. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ‘ಶೋಲೆ’ಗೆ ಸಿಕ್ಕಿದ್ದು ಒಂದೇ ಒಂದು, ಅದು ಶಿಂಧೆಯವರಿಗೆ. ಕತ್ತರಿಸಿದ ಚಿತ್ರವೆಂದು ನಾವು ಗೊಣಗುತ್ತಿರುವ ಚಿತ್ರಕ್ಕೆ ಕತ್ತರಿಯ ಕೆಲಸಕ್ಕಾಗಿಯೇ ಪ್ರಶಸ್ತಿ ಬಂತು ಎಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಚಿತ್ರದಲ್ಲಿ ಇಲ್ಲದ್ದೆಲ್ಲ ಸೆನ್ಸಾರ್ ನುಂಗಿದ್ದಲ್ಲ. ಆರ್.ಡಿ. ಬರ್ಮನ್ ಈ ಚಿತ್ರಕ್ಕಾಗಿ ಒಂದು ಕವ್ವಾಲಿಯನ್ನು ಧ್ವನಿಮುದ್ರಿಸಿದ್ದರು. ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್ ಸಿಂಗ್ ಜೊತೆಗೆ ಗೀತೆ ಬರೆದ ಆನಂದ್ ಬಕ್ಷಿಯವರೂ ಹಾಡಿದ್ದಾರೆ. ಚಿತ್ರ ಉದ್ದವಾಗುತ್ತದೆಂದು ಅದನ್ನು ಚಿತ್ರೀಕರಿಸಲೇ ಇಲ್ಲ. ಯಾವ ‘ಪೂರ್ಣ ಪ್ರತಿ’ಯಲ್ಲೂ ಅದನ್ನು ಹುಡುಕಬೇಡಿ. ಹಾಗೆಯೇ ಮೊದಲ ವಾರ ಜನ ಸಪ್ಪಗೆ ಕೂತು ನೋಡಿ ಎದ್ದು ಹೋದಾಗ, ಜೈ ಬದುಕುವಂತೆ ಮತ್ತೊಂದು ಅಂತ್ಯ ಚಿತ್ರೀಕರಿಸುವ ಮಾತೂ ನಡೆದಿತ್ತು. ಇನ್ನೊಂದೆರಡು ದಿನ ಕಾದು ನೋಡೋಣ ಎಂದರು, ಅಷ್ಟರಲ್ಲಿ ಗಾಳಿ ತಿರುಗಿತು. ಆ ಅಂತ್ಯ ಮಾತಿನಲ್ಲೇ ಉಳಿಯಿತು. ‘ನಾನು ಅದನ್ನು ನೋಡಿದ್ದೇನೆ’ ಎಂದು ಪ್ರಮಾಣ ಮಾಡಿ ಹೇಳುವವರು ನನಗೆ ಇಬ್ಬರು ಸಿಕ್ಕಿದ್ದಾರೆ. ಇಬ್ಬರಿಗೂ ಕಾಫಿ ಕುಡಿಸಿ ಕಳುಹಿಸಿದ್ದೇನೆ.

ಇನ್ನು ನೀವು ಕೇಳದೇ ಬಿಟ್ಟ, ಆದರೆ ನನಗೆ ನಿಮಿಷಗಳಿಗಿಂತ ದೊಡ್ಡದೆನ್ನಿಸುವ ವ್ಯತ್ಯಾಸಕ್ಕೆ ಬರುತ್ತೇನೆ. ನಿಮ್ಮ ಎರಡೂ ಡಿಸ್ಕ್‌ಗಳನ್ನು ಒಂದಾದ ಮೇಲೊಂದು ಹಾಕಿ, ಚಿತ್ರದ ಅಂಚುಗಳನ್ನು ನೋಡಿ. 204 ನಿಮಿಷದ್ದು ಹಳೆಯ ಟಿ.ವಿ.ಯ ಪೆಟ್ಟಿಗೆಯಂತೆ ಹೆಚ್ಚು ಚೌಕವಾಗಿರುತ್ತದೆ. 198ರದ್ದು ಅಗಲವಾಗಿ, ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೆ ಇರುತ್ತದೆ. ‘ಶೋಲೆ’ 70 ಎಂಎಂ ಚಿತ್ರವೆಂದು ಎಲ್ಲರೂ ಹೇಳುತ್ತೇವೆ, ಆದರೆ ಅದನ್ನು ಚಿತ್ರೀಕರಿಸಿದ್ದು 35 ಎಂಎಂನಲ್ಲಿ. 70 ಎಂಎಂ ಕ್ಯಾಮೆರಾ ತರಿಸಿ ಕೆಲಸ ಮಾಡುವುದು ದುಬಾರಿಯಾಗಿತ್ತು. ಹಾಗಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಸಾಮಾನ್ಯ ಚೌಕಟ್ಟಿನಲ್ಲೇ ತೆಗೆದರು. ಕ್ಯಾಮೆರಾದ ಗಾಜಿನ ಮೇಲೆ ಅಗಲ ಪರದೆಯ ಗುರುತು ಹಾಕಿಕೊಂಡು, ಮುಖ್ಯವಾದದ್ದೆಲ್ಲ ಆ ಗೆರೆಗಳೊಳಗೆ ಬರುವಂತೆ ನೋಡಿಕೊಂಡರು. ಆಮೇಲೆ ಲಂಡನ್ನಿನಲ್ಲಿ ಅದನ್ನು 70 ಎಂಎಂಗೆ ಹಿಗ್ಗಿಸಿದರು. ಹಿಗ್ಗಿಸುವಾಗ ಅಗಲಕ್ಕೆ ಹೊಂದುವಂತೆ ಮೇಲಿನ ಕೆಳಗಿನ ಭಾಗ ಹೊರಗೆ ಹೋಗುತ್ತದೆ. 70 ಎಂಎಂನ ಅಗಲ ಎತ್ತರದ 2.2 ಪಟ್ಟು, ಹಳೆಯ ಚೌಕಟ್ಟಿನದು 1.37 ಪಟ್ಟು. ನೀವೇ ಲೆಕ್ಕ ಹಾಕಿ ನೋಡಿ, ತೆಗೆದ ಚಿತ್ರದ ಎತ್ತರದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಪರದೆಯ ಮೇಲೆ ಬರುವುದಿಲ್ಲ.

ಹೀಗಾಗಿ ವರ್ಷಗಟ್ಟಲೆ ಅಭಿಮಾನಿಗಳಿಗೆ ವಿಚಿತ್ರ ಇಕ್ಕಟ್ಟು. ಅಸಲಿ ಅಂತ್ಯ ಬೇಕೆಂದರೆ ಅಸಲಿಯಲ್ಲದ ಚೌಕಟ್ಟಿನಲ್ಲಿ ನೋಡಬೇಕು. ಅಸಲಿ ಅಗಲ ಬೇಕೆಂದರೆ ಪೊಲೀಸರ ಅಂತ್ಯವನ್ನು ಸಹಿಸಬೇಕು. ‘ಚೌಕ ಪ್ರತಿಯಲ್ಲಿ ಹೆಚ್ಚು ಕಾಣುತ್ತದಲ್ಲ, ಹಾಗಾದರೆ ಅದೇ ಪೂರ್ಣ’ ಎಂದು ಕೆಲವರು ವಾದಿಸುತ್ತಾರೆ. ಹೆಚ್ಚು ಕಾಣುವುದು ನಿಜ. ಆದರೆ ಆ ಹೆಚ್ಚುವರಿ ಆಕಾಶವನ್ನೂ ನೆಲವನ್ನೂ ಛಾಯಾಗ್ರಾಹಕ ಬೇಡವೆಂದೇ ಗೆರೆಯ ಹೊರಗೆ ಬಿಟ್ಟಿದ್ದ. ರಾಮನಗರದವರಾದ ನಿಮಗೆ ಇದು ಬೇಗ ಹಿಡಿಸುತ್ತದೆ. ರಾಮದೇವರ ಬೆಟ್ಟದ ಬುಡದಲ್ಲಿ ನಿಂತು ನೋಡಿದಾಗ ಆ ಬಂಡೆಗಳು ಒಂದರ ಪಕ್ಕ ಒಂದು ಅಡ್ಡಡ್ಡ ಚಾಚಿಕೊಂಡು ಕಣ್ಣಿನ ಎರಡೂ ಅಂಚನ್ನು ತುಂಬುತ್ತವೆ. ಅಗಲ ಪರದೆಯಲ್ಲಿ ಗಬ್ಬರ್‌ನ ಅಡ್ಡಾ ಕಾಣುವುದು ಹಾಗೆ. ಚೌಕದಲ್ಲಿ ಅದೇ ಬಂಡೆಗಳು ಪಾಸ್‌ಪೋರ್ಟ್ ಫೋಟೊಗೆ ಕೂತವರಂತೆ ಇಕ್ಕಟ್ಟಾಗಿ ಕಾಣುತ್ತವೆ. ಕಲಾ ನಿರ್ದೇಶಕ ರಾಮ್ ಯೆಡೇಕರ್ ಅಲ್ಲಿ ಕಟ್ಟಿದ, ಚಿತ್ರದ ಹಳ್ಳಿಯಾದ ರಾಮಗಢದ ಉದ್ದಗಲ ಅರ್ಥವಾಗುವುದೂ ಅಗಲ ಚೌಕಟ್ಟಿನಲ್ಲೇ.

ಶಬ್ದದ್ದೂ ಒಂದು ಕತೆಯಿದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 70 ಎಂಎಂ ಪ್ರತಿಗಳಲ್ಲಿ ಶಬ್ದ ಆರು ಪಟ್ಟಿಗಳಲ್ಲಿ ಬೇರೆ ಬೇರೆ ದಿಕ್ಕಿನಿಂದ ಬರುತ್ತಿತ್ತು. ಜೈ ಎಸೆದ ನಾಣ್ಯ ತಮ್ಮ ಕಾಲಬುಡದಲ್ಲೇ ಬಿತ್ತೆಂದು ಜನ ಬಗ್ಗಿ ಹುಡುಕಿದರು ಎಂದು ಹಳೆಯ ಪ್ರೇಕ್ಷಕರು ಹೇಳುವುದುಂಟು. ಊರೂರಿನ ಟಾಕೀಸುಗಳಿಗೆ ಬಂದದ್ದು 35 ಎಂಎಂ ಪ್ರತಿ, ಪರದೆಯ ಹಿಂದಿನಿಂದ ಒಂದೇ ದಾರಿಯ ಶಬ್ದ. ಹಾಗಾಗಿ ಬೊಂಬಾಯಿಯ ಮಿನರ್ವಾದಲ್ಲಿ ನೋಡಿದವರಿಗೂ ನಮ್ಮ ಊರಿನ ಟಾಕೀಸಿನಲ್ಲಿ ನೋಡಿದವರಿಗೂ 1975ರಲ್ಲೇ ಎರಡು ಬೇರೆ ‘ಶೋಲೆ’ಗಳು ಸಿಕ್ಕಿದ್ದವು.

ನಿಮಿಷಗಳ ಲೆಕ್ಕದಲ್ಲಿ ಇನ್ನೊಂದು ಹೊಂಡವಿದೆ, ಅದಕ್ಕೂ ಬೀಳದಿರಿ. ನಿಮ್ಮ ಚಿಕ್ಕಪ್ಪನ ಕ್ಯಾಸೆಟ್ಟನ್ನು ಗಡಿಯಾರ ಹಿಡಿದು ಓಡಿಸಿದರೆ 204 ನಿಮಿಷ ಬರಲಾರದು, ಸುಮಾರು 196 ಬಂದೀತು. ಆಗ ನಿಮ್ಮ ತಂದೆ ‘ನೋಡು, ನಿನ್ನದೇ ಕತ್ತರಿಸಿದ್ದು’ ಎಂದು ಹೊಸ ಜಗಳ ತೆಗೆಯಬಹುದು. ಕಾರಣ ಇಷ್ಟೆ. ಸಿನಿಮಾ ಒಂದು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಬ್ರಿಟನ್ನಿನ, ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25. ಒಂದೊಂದು ಚಿತ್ರವನ್ನೂ ಹಾಗೇ ವರ್ಗಾಯಿಸಿದರೆ ಇಡೀ ಸಿನಿಮಾ ನೂರಕ್ಕೆ ನಾಲ್ಕರಷ್ಟು ಬೇಗ ಓಡಿ ಮುಗಿಯುತ್ತದೆ, ದನಿಗಳೂ ಒಂದಿಷ್ಟು ತೆಳುವಾಗುತ್ತವೆ. ಒಂದು ಚಿತ್ರವೂ ಕತ್ತರಿಸದೆ 204 ನಿಮಿಷ 196 ಆಗುತ್ತದೆ, 198 ನಿಮಿಷ 190 ಆಗುತ್ತದೆ. 190 ಎಂದು ಬರೆದ ಡಿಸ್ಕ್ ಎಲ್ಲಾದರೂ ಕಂಡು ‘ಇದ್ಯಾವುದೋ ಮೂರನೆಯ ಕತ್ತರಿಯ ಪ್ರತಿ’ ಎಂದು ಹೌಹಾರುವ ಮೊದಲು ಈ ಗುಣಾಕಾರ ಮಾಡಿ ನೋಡಿ.

ಟಾಕೀಸುಗಳ ಕತ್ತರಿ ಇನ್ನೂ ಬೇರೆ. ನಾನು ಹುಡುಗನಾಗಿದ್ದಾಗ ಪ್ರೊಜೆಕ್ಟರ್ ಕೋಣೆಯಲ್ಲಿ ಸುಮ್ಮನೆ ಕೂರಲು ಬಿಡುತ್ತಿದ್ದ ಆಪರೇಟರ್ ಒಬ್ಬರಿದ್ದರು. ಕೊನೆಯ ಬಸ್ಸು ಹಿಡಿಯುವ ಜನ ಇದ್ದಾರೆಂದು ರಾತ್ರಿ ಆಟದಲ್ಲಿ ಒಂದು ಹಾಡನ್ನು ಹಾರಿಸಿಬಿಡುತ್ತಿದ್ದರು. ಪ್ರಿಂಟು ಊರಿಂದ ಊರಿಗೆ ಹೋದಂತೆಲ್ಲ ರೀಲಿನ ತುದಿಗಳು ಹರಿಯುತ್ತವೆ. ಹರಿದಲ್ಲಿ ಎರಡು ಮೂರು ಚಿತ್ರ ಕತ್ತರಿಸಿ ಅಂಟಿಸುತ್ತಾರೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷದಷ್ಟು ಓಡುತ್ತದೆ. ಅಂದರೆ 198 ನಿಮಿಷದ ಚಿತ್ರಕ್ಕೆ ಹದಿನೆಂಟು ರೀಲು, ಮೂವತ್ತಾರು ತುದಿ. ಹತ್ತು ಊರು ಸುತ್ತಿದ ಪ್ರಿಂಟಿನಲ್ಲಿ ಮಾತಿನ ಕೊನೆಯ ಅಕ್ಷರಗಳು ಮಾಯವಾಗಿರುತ್ತಿದ್ದವು. ಅದಕ್ಕಾಗಿಯೇ ಜನರ ನೆನಪನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಾಗ ನಾನು ಮೊದಲು ಕೇಳುವುದು ‘ಯಾವ ಊರು, ಬಿಡುಗಡೆಯಾಗಿ ಎಷ್ಟನೇ ವಾರ’ ಎಂದು. ಇನ್ನು ಮುಂದೆ ಯಾವುದೇ ಹಳೆಯ ಭಾರತೀಯ ಚಿತ್ರ ನೋಡುವಾಗ ಶುರುವಿನಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದ ಎಡಗಡೆಯ ಕೆಳಮೂಲೆಯನ್ನು ಗಮನಿಸಿ. ಅಲ್ಲೊಂದು ತ್ರಿಕೋನ ಇದ್ದರೆ ಮಂಡಳಿ ಆ ಚಿತ್ರಕ್ಕೆ ಕತ್ತರಿ ಹಾಕಿಯೇ ಪ್ರಮಾಣಪತ್ರ ಕೊಟ್ಟಿದೆ ಎಂದು ಅರ್ಥ. ಆ ಕ್ಷಣದಲ್ಲಿ ಎಲ್ಲರೂ ಕಡಲೆಕಾಯಿ ಬಿಡಿಸುತ್ತಿರುತ್ತಾರೆ, ಯಾರೂ ನೋಡುವುದಿಲ್ಲ.

ಕತ್ತರಿ ಬೀಳದ ಪ್ರತಿ ಎಲ್ಲಿತ್ತು, ಹೇಗೆ ಹೊರಬಂತು? ಹದಿನೈದು ವರ್ಷ ಲೋಕ ಕಂಡದ್ದು ಪೊಲೀಸರ ಅಂತ್ಯವನ್ನೇ. 1990ರಲ್ಲಿ ಬ್ರಿಟನ್ನಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ ಆಗಿ ಮೂಲ ಪ್ರತಿ ಹೊರಬಂತು. ನಿಮ್ಮ ಚಿಕ್ಕಪ್ಪನ ಕೈಗೆ ಸಿಕ್ಕಿದ್ದು ಬಹುಶಃ ಅದೇ. ನಮ್ಮ ಸೆನ್ಸಾರ್‌ನ ಕತ್ತರಿ ನಮ್ಮ ಗಡಿ ದಾಟುವುದಿಲ್ಲವಲ್ಲ. ಆಮೇಲೆ ಎರೋಸ್ ಸಂಸ್ಥೆ ಎರಡೂ ಬಗೆಯ ಡಿವಿಡಿಗಳನ್ನು ತಂದಿತು, ನಿಮ್ಮ ಬಳಿ ಇರುವಂಥವು. 204 ನಿಮಿಷದ್ದಕ್ಕೆ ‘ಡೈರೆಕ್ಟರ್ಸ್ ಕಟ್’ ಎಂಬ ಹೆಸರು ಅಂಟಿಕೊಂಡಿದೆ. ಸಾಮಾನ್ಯವಾಗಿ ಆ ಮಾತಿಗೆ ನಿರ್ದೇಶಕ ವರ್ಷಗಳ ಬಳಿಕ ಮರಳಿ ಬಂದು ತನ್ನ ಇಷ್ಟದಂತೆ ಮತ್ತೆ ಸಂಕಲನ ಮಾಡಿದ ಪ್ರತಿ ಎಂಬ ಅರ್ಥವಿದೆ. ಇದು ಹಾಗಲ್ಲ. ಸೆನ್ಸಾರ್‌ಗೆ ಹೋಗುವ ಮುಂಚೆ ಚಿತ್ರ ಹೇಗಿತ್ತೋ ಹಾಗಿರುವ ಪ್ರತಿ ಅಷ್ಟೆ.

ಈಗ ಬಂದಿರುವ ಹೊಸ ಪ್ರತಿ ನೀವು ಎದುರಿಸಿದ ಇಕ್ಕಟ್ಟನ್ನು ಬಿಡಿಸುತ್ತದೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಸಿಪ್ಪಿ ಫಿಲ್ಮ್ಸ್ ಜೊತೆಗೂಡಿ ಮೂರು ವರ್ಷ ದುಡಿದು 4ಕೆ ಗುಣಮಟ್ಟದಲ್ಲಿ ಚಿತ್ರದ ಜೀರ್ಣೋದ್ಧಾರ ಮಾಡಿದೆ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಬಳಸಲಾಗದಷ್ಟು ಹಾಳಾಗಿತ್ತು, 70 ಎಂಎಂ ಪ್ರಿಂಟು ಒಂದೂ ಉಳಿದಿರಲಿಲ್ಲ. ಕೈ ಹಿಡಿದದ್ದು ಬ್ರಿಟನ್ನಿನ ಗೋದಾಮೊಂದರಲ್ಲಿ ಸಿಕ್ಕ ಇಂಟರ್‌ಪಾಸಿಟಿವ್, ಅಂದರೆ ನೆಗೆಟಿವ್‌ನಿಂದ ತೆಗೆದ ನಡುವಿನ ಹಂತದ ಪ್ರತಿ. ಅಸಲಿ ಅಂತ್ಯ, ಬಿಟ್ಟುಹೋದ ದೃಶ್ಯಗಳು, 70 ಎಂಎಂನ 2.2 ಅಗಲ ಎಲ್ಲವೂ ಮೊದಲ ಸಲ ಒಂದೇ ಪ್ರತಿಯಲ್ಲಿ ಕೂಡಿವೆ. 2025ರ ಜೂನ್ 27ರಂದು ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ, ಊರಿನ ದೊಡ್ಡ ಚೌಕದ ಬಯಲಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಡಿಸೆಂಬರ್ 12ರಂದು ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಅದಕ್ಕೆ ಕೆಲವೇ ವಾರಗಳ ಹಿಂದೆ ವೀರುವಾಗಿ ನಟಿಸಿದ ಧರ್ಮೇಂದ್ರ ತೀರಿಕೊಂಡಿದ್ದರು. ಕೊನೆಯ ದೃಶ್ಯದಲ್ಲಿ ಅಳುವ ಠಾಕೂರನನ್ನು ವೀರು ತಬ್ಬಿಕೊಳ್ಳುವುದನ್ನು ಭಾರತದ ಪರದೆಯ ಮೇಲೆ ಐವತ್ತು ವರ್ಷಗಳ ನಂತರ ಕಂಡ ಜನಕ್ಕೆ, ಆ ವೀರುವೇ ಇಲ್ಲವಾಗಿದ್ದ.

ಹಾಗಾದರೆ ಅಸಲಿ ಯಾವುದು? ಮಾಡಿದವರು ಏನು ಹೇಳಹೊರಟಿದ್ದರು ಎಂದು ಕೇಳಿದರೆ, ಠಾಕೂರ್ ಕೊಲ್ಲುವ ಪ್ರತಿ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜೀರ್ಣೋದ್ಧಾರ ಎಂಬ ಮಾತನ್ನು ನಾವು ದೇವಸ್ಥಾನಗಳಿಂದ ತಂದವರು. ಹೊಯ್ಸಳರ ಗುಡಿಗೆ ಮುಂದಿನ ಶತಮಾನದವರು ಒಂದು ಮಂಟಪ ಸೇರಿಸಿರುತ್ತಾರೆ. ಶಿಲ್ಪದ ಲೆಕ್ಕದಲ್ಲಿ ಅದು ಹೊಂದುವುದಿಲ್ಲ, ಆದರೂ ನೂರಾರು ವರ್ಷ ಜನ ಅದರಲ್ಲೇ ಕೂತು ಭಜನೆ ಮಾಡಿದ್ದಾರೆ. ಅದನ್ನು ಕೆಡವಬೇಕೇ? ಮಿನರ್ವಾದಲ್ಲಿ ಐದು ವರ್ಷ ಓಡಿದ್ದು, ನಿಮ್ಮೂರಿನ ಒಂದು ಭಾಗಕ್ಕೆ ಸಿಪ್ಪಿನಗರ ಎಂಬ ಹೆಸರು ತಂದುಕೊಟ್ಟ ಚಿತ್ರವಾಗಿ ಜನ ನೋಡಿದ್ದು, ಪೊಲೀಸರು ಬರುವ ‘ಶೋಲೆ’ಯನ್ನೇ. ಅದು ಸುಳ್ಳು ಪ್ರತಿಯಲ್ಲ. 1975 ಎಂಬ ವರ್ಷದ ಬೆರಳಚ್ಚು ಅದರ ಮೇಲಿದೆ. ಹಾಗಾಗಿ ನಿಮ್ಮ 198ರ ಡಿಸ್ಕನ್ನು ಎಸೆಯಬೇಡಿ. ಹೊಸ ಪ್ರತಿ ಎಲ್ಲೆಡೆ ಸಿಗತೊಡಗಿದ ಮೇಲೆ ಹಳೆಯದು ಸಿಗುವುದು ಕಷ್ಟವಾಗುತ್ತದೆ. ಹೊಸದು ಬಂದಾಗ ಹಳೆಯದನ್ನು ಮಾಯ ಮಾಡಿಬಿಡುವುದು ನಮ್ಮ ಚಿತ್ರರಂಗದ ಹಳೆಯ ಚಾಳಿ.

ಮಕ್ಕಳ ವಿಷಯ. ಹತ್ತು ವರ್ಷಕ್ಕಿಂತ ಚಿಕ್ಕವರಾದರೆ ಎರಡೂ ಬೇಡ. ಕುಟುಂಬದ ಹತ್ಯೆ ಎರಡರಲ್ಲೂ ಇದೆ, ಮೊಳೆಯ ಬೂಟುಗಳೂ ಎರಡರಲ್ಲೂ ಇವೆ. ಪೊಲೀಸರು ಬಂದ ಮಾತ್ರಕ್ಕೆ ಅದು ಮಕ್ಕಳ ಚಿತ್ರವಾಗುವುದಿಲ್ಲ. ದೊಡ್ಡ ಮಕ್ಕಳಾದರೆ ಹೊಸ ಪ್ರತಿಯನ್ನು ಆದಷ್ಟು ದೊಡ್ಡ ಪರದೆಯಲ್ಲಿ ತೋರಿಸಿ. ಒಂದು ವಾರ ಬಿಟ್ಟು ಹಳೆಯದರ ಕೊನೆಯ ಹತ್ತು ನಿಮಿಷ ಮಾತ್ರ ಹಾಕಿ, ಅಜ್ಜನನ್ನೂ ಚಿಕ್ಕಜ್ಜನನ್ನೂ ಎರಡು ಪಕ್ಕದಲ್ಲಿ ಕೂರಿಸಿ.

ಮುಂದೆ ಯಾವುದಾದರೂ ಪ್ರತಿ ಕೈಗೆ ಸಿಕ್ಕಾಗ ಪೆಟ್ಟಿಗೆಯ ಮೇಲಿನ ನಿಮಿಷಗಳನ್ನು ನಂಬಬೇಡಿ, ಕೊನೆಯವರೆಗೆ ಕಾಯಲೂ ಬೇಡಿ. ರಾಮಲಾಲ್ ಕೂತು ಬೂಟಿಗೆ ಮೊಳೆ ಹೊಡೆಯುವುದು ಬಂತೇ ನೋಡಿ. ಬಂದರೆ ಗಬ್ಬರ್ ಉಳಿಯುವುದಿಲ್ಲ. ಬರಲಿಲ್ಲವೆಂದರೆ ಪೊಲೀಸರು ಆಗಲೇ ದಾರಿಯಲ್ಲಿದ್ದಾರೆ.